ಎಂಟು ಗೀರಿನ ಆನೆ ಕಾಸು

ಹೊಳೆನರಸೀಪುರದಲ್ಲಿ ಚರಿತ್ರೆ ಪಾಠ ಹೇಳುತ್ತಿದ್ದ ಷಡಕ್ಷರಿ ಮೇಷ್ಟ್ರಿಗೆ ಹಳೆ ನಾಣ್ಯದ ಹುಚ್ಚು ಹಿಡಿದದ್ದು ನಯಾಪೈಸೆ ಬಂದ ವರ್ಷ. ಆಣೆ ಕಾಸುಗಳೆಲ್ಲ ಒಂದೊಂದಾಗಿ ಮೂಲೆ ಸೇರುತ್ತಿದ್ದ ಹೊತ್ತಿನಲ್ಲಿ ಜಿಲ್ಲೆಯ ಒಂದಿಷ್ಟು ದೊಡ್ಡ ಮನುಷ್ಯರಿಗೆ ಇದ್ದಕ್ಕಿದ್ದಂತೆ ಹಳೆಯದರ ಮೇಲೆ ಪ್ರೀತಿ ಉಕ್ಕಿತು. ಅಲ್ಲಿಯವರೆಗೆ ಅಜ್ಜನ ಕಾಲದ ತಾಳೆಗರಿಯನ್ನು ಒಲೆಗೆ ಹಾಕಿದವರೆಲ್ಲ ಈಗ ಕಿಲುಬು ಹಿಡಿದ ಬಿಲ್ಲೆಯನ್ನು ಹತ್ತಿಯಲ್ಲಿ ಸುತ್ತಿಡತೊಡಗಿದರು. ಇಂಥವರ ಸಾಲಿಗೆ ಮೇಷ್ಟ್ರೂ ಸೇರಿದರು. ಸೇರಿದ ಮರುದಿನದಿಂದಲೇ ಉಳಿದವರನ್ನು ಕಂಡು ಮೂಗು ಮುರಿಯುವುದಕ್ಕೂ ಶುರುಮಾಡಿದರು.

ಮೂಗು ಮುರಿಯುವುದಕ್ಕೆ ಕಾರಣವೇನೂ ಇರಲಿಲ್ಲ ಅನ್ನುವ ಹಾಗಿಲ್ಲ. ಹಾಸನದ ವಕೀಲರೊಬ್ಬರು ಚಿನ್ನದ ನಾಣ್ಯ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಯಾವ ರಾಜನದು ಎಂದು ಕೇಳಿದರೆ ಎಷ್ಟು ಗುಂಜಿ ತೂಕ ಎಂದು ಹೇಳುತ್ತಿದ್ದರು. ಅರಕಲಗೂಡಿನ ಮಂಡಿ ಕೆಂಪಣ್ಣನದು ಇನ್ನೊಂದು ಬಗೆ. ಆತ ಸಿಕ್ಕಿದ್ದನ್ನೆಲ್ಲ ಒಂದು ಹಿತ್ತಾಳೆ ಕೊಳಗಕ್ಕೆ ಸುರಿಯುತ್ತಿದ್ದ. ರಾಣಿ ರೂಪಾಯಿ, ಪೋಲೀಸಿನವರ ಗುಂಡಿ, ಯಾವುದೋ ಸರ್ಕಸ್ಸಿನವರ ಬಿಲ್ಲೆ, ಎಲ್ಲವೂ ಅದರಲ್ಲಿದ್ದವು. ಮನೆಗೆ ಬಂದವರ ಮುಂದೆ ಕೊಳಗವನ್ನೇ ಅಲ್ಲಾಡಿಸಿ ಸದ್ದು ಕೇಳಿಸುತ್ತಿದ್ದ. "ಅದು ಸಂಗ್ರಹ ಅಲ್ಲ ರೀ, ಗುಜರಿ," ಎಂದು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕುಳಿತು ನಗುತ್ತಿದ್ದರು. ಇಬ್ಬರ ವಿಷಯದಲ್ಲೂ ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಆ ಚೂಪು ಕಣ್ಣನ್ನು ತಮ್ಮ ಕಡೆಗೆ ಒಂದು ಸಲವೂ ತಿರುಗಿಸಿಕೊಂಡವರಲ್ಲ.

ಐವತ್ತೆಂಟರಲ್ಲಿ ಮೈಸೂರಿನಿಂದ ಒಬ್ಬ ವಿದ್ವಾಂಸರು ಹಾಸನಕ್ಕೆ ಬಂದು ನಾಣ್ಯಗಳ ಮೇಲೆ ಭಾಷಣ ಮಾಡಿದರು. "ಎಲ್ಲವನ್ನೂ ಕೂಡಿಹಾಕಲು ಹೋಗಬೇಡಿ. ಒಂದು ಕ್ಷೇತ್ರ ಆರಿಸಿಕೊಳ್ಳಿ. ಒಬ್ಬ ರಾಜ, ಇಲ್ಲವೇ ಒಂದು ಲೋಹ, ಇಲ್ಲವೇ ಒಂದು ಟಂಕಸಾಲೆ. ನಿಮಗೆ ನಿಜವಾಗಿ ಕುತೂಹಲ ಇರುವುದನ್ನು ಹಿಡಿಯಿರಿ, ನಿಧಾನವಾಗಿ ಓದಿ, ಗೊತ್ತಿದ್ದವರನ್ನು ಕೇಳಿ. ಹತ್ತು ವರ್ಷದಲ್ಲಿ ಆ ವಿಷಯಕ್ಕೆ ನಿಮ್ಮನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂಬಂತಾಗುತ್ತದೆ," ಎಂದರು. ಮೇಷ್ಟ್ರ ಕಿವಿಗೆ ಬಿದ್ದದ್ದು ಕೊನೆಯ ವಾಕ್ಯ ಮಾತ್ರ. ಅವರಿಗಿಂತ ಚಿಕ್ಕವರಿಬ್ಬರು ಆಗಲೇ ಹೆಡ್‌ಮಾಸ್ಟರಾಗಿ ಬೇರೆ ಊರಿಗೆ ಹೋಗಿದ್ದರು. ಇನ್ನೊಬ್ಬರಿಲ್ಲ ಅನ್ನಿಸಿಕೊಳ್ಳುವ ಆಸೆ ಅವರ ಎದೆಯಲ್ಲಿ ಹುಳುವಿನ ಹಾಗೆ ಕೊರೆಯುತ್ತಿತ್ತು.

ಮೊದಲು ಹೊಯ್ಸಳರನ್ನು ಆರಿಸಿಕೊಂಡರು. ಕೊರವಂಗಲದ ದೇವಸ್ಥಾನದ ನೆರಳಲ್ಲಿ ಬುತ್ತಿ ಬಿಚ್ಚಿ ಉಂಡವನು ಇನ್ಯಾರನ್ನು ಆರಿಸಬೇಕು ಎಂದು ಎಲ್ಲರಿಗೂ ಸಾರಿದರು. ಮೂರು ತಿಂಗಳು ಕಳೆದರೂ ಹೊಯ್ಸಳರ ಒಂದು ನಾಣ್ಯವೂ ಕೈಗೆ ಸಿಗಲಿಲ್ಲ. ಇದ್ದ ಒಂದನ್ನು ಹಾಸನದ ವಕೀಲರು ಮೊಳ ದೂರದಿಂದ ತೋರಿಸಿ ಡಬ್ಬಿ ಮುಚ್ಚಿದರು. ಆಮೇಲೆ ವಿಜಯನಗರ. ಹಿರೀಸಾವೆಯಲ್ಲಿ ಬಸ್ಸು ನಿಂತಾಗ ಹೋಟೆಲಿನವನೊಬ್ಬ ರಾಮ ಸೀತೆಯರ ಪಟ್ಟಾಭಿಷೇಕವಿರುವ ಹಳದಿ ಬಿಲ್ಲೆ ತೋರಿಸಿದ. ಮೇಷ್ಟ್ರು ಮನೆಗೆ ತಂದು ಒಂದು ವಾರ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಕ್ಕಸಾಲಿ ಅದನ್ನು ಒರೆಗೆ ಹಚ್ಚಿ ನೋಡಿ, ಇದು ದೇವರ ಮನೆಯಲ್ಲಿಟ್ಟು ಪೂಜೆ ಮಾಡುವ ರಾಮಟಂಕಿ, ಹಿತ್ತಾಳೆಯದು, ನಮ್ಮ ಅಪ್ಪನೇ ಇಂಥವು ನೂರು ಮಾಡಿದ್ದಾನೆ ಎಂದ. ರೋಮನರ ಕ್ಷೇತ್ರ ಎರಡೇ ದಿನ ಇತ್ತು. ಕ್ಷೇತ್ರ ಬದಲಾದಾಗಲೆಲ್ಲ ಮೇಷ್ಟ್ರು ಹೊಸ ನೋಟ್‌ಬುಕ್ಕು ಕೊಂಡು ಮೊದಲ ಪುಟದಲ್ಲಿ ಗುಂಡಗೆ 'ಪೀಠಿಕೆ' ಎಂದು ಬರೆಯುತ್ತಿದ್ದರು. ಎರಡನೆಯ ಪುಟ ಯಾವುದರಲ್ಲೂ ಇರಲಿಲ್ಲ.

ಕೊನೆಗೆ ಅವರ ಪಾಲಿಗೆ ಕ್ಷೇತ್ರ ಒದಗಿದ್ದು ರಾಮಣ್ಣನ ಪಾತ್ರೆ ಅಂಗಡಿಯಲ್ಲಿ. ಕರಗಿಸಲು ಬಂದ ಹಳೆ ತಾಮ್ರದ ಬುಟ್ಟಿಯಲ್ಲಿ ಕೆಲವು ಆನೆ ಕಾಸುಗಳಿದ್ದವು. ಸುಲ್ತಾನರ ಕಾಲದ, ಆನೆ ಚಿತ್ರದ, ದಪ್ಪ ತಾಮ್ರದ ಕಾಸುಗಳು. ಸುತ್ತಲ ಹಳ್ಳಿಗಳಲ್ಲಿ ಅವಕ್ಕೆ ಯಾರೂ ಬೆಲೆ ಕೊಡುತ್ತಿರಲಿಲ್ಲ. ಮೇಷ್ಟ್ರು ಒಂದನ್ನು ಎತ್ತಿ ನೋಡಿದರು. ಆನೆಯ ಬೆನ್ನಿಗೆ ಅಡ್ಡಲಾಗಿ ಮೂರು ನೇರ ಗೀರುಗಳಿದ್ದವು. ಇನ್ನೊಂದರಲ್ಲಿ ಐದು, ಮತ್ತೊಂದರಲ್ಲಿ ಒಂದು.

"ಇವು ಏನು ರಾಮಣ್ಣ?"

"ಯಾತರದೋ ಗಾಯ ಸಾ. ನಮ್ಮಜ್ಜಿ ಪೆಟ್ಗೇಲೂ ಇಂಥದ್ದು ಒಂದಿತ್ತು. ಯಾತಕ್ಕೆ ಮಡಗಿದ್ಲೋ, ಎಂಗಸರ ಯವಾರ, ಯಾರು ಕೇಳ್ತಾರೆ," ಎಂದ ರಾಮಣ್ಣ.

ಚರಿತ್ರೆಯ ಮೇಷ್ಟ್ರೂ ಕೇಳಲಿಲ್ಲ. ಮನೆಗೆ ಹೋಗಿ ಹೆಂಡತಿಯನ್ನೊಂದು ಮಾತು ಕೇಳಿದ್ದರೆ ಅವರ ನಾಲ್ಕು ವರ್ಷ ಉಳಿಯುತ್ತಿತ್ತು. ಅದರ ಬದಲು ಬಚ್ಚಲಲ್ಲಿ ತಲೆಗೆ ನೀರು ಹುಯ್ದುಕೊಳ್ಳುವಾಗ ಅವರಿಗೆ ಒಂದು ಸಿದ್ಧಾಂತ ಹೊಳೆಯಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊಸ ಸರ್ಕಾರ ಹಳೆಯ ಕಾಸನ್ನು ಒಮ್ಮೆಗೇ ರದ್ದು ಮಾಡಲಾರದೆ, ವರ್ಷಕ್ಕೊಮ್ಮೆ ಕಚೇರಿಗೆ ತರಿಸಿ ಒಂದೊಂದು ಗೀರು ಹಾಕಿ ಇನ್ನೊಂದು ವರ್ಷಕ್ಕೆ ಊರ್ಜಿತ ಮಾಡಿತು. ಒಂದು ಗೀರು ಎಂದರೆ ಒಂದು ವರ್ಷ. ಇದಕ್ಕೆ ಸಾಕ್ಷಿ ಏನು ಎಂದರೆ ಏನೂ ಇಲ್ಲ. ಒಂದು ಕಾಗದವಿಲ್ಲ, ಒಂದು ಶಾಸನವಿಲ್ಲ. ಆದರೆ ಇಡೀ ಮೈಸೂರು ಸೀಮೆಯಲ್ಲಿ ಈ ಗೀರುಗಳನ್ನು ಬಯಸಿದವನು ಇನ್ನೊಬ್ಬನಿರಲಿಲ್ಲ. ಮೇಷ್ಟ್ರಿಗೆ ಅಷ್ಟು ಸಾಕಾಗಿತ್ತು. ನಾಲ್ಕನೆಯ ನೋಟ್‌ಬುಕ್ಕಿನ ಎರಡನೆಯ ಪುಟವೂ ತುಂಬಿತು, ಮೂರನೆಯದೂ ತುಂಬಿತು.

ನಾಲ್ಕು ವರ್ಷದಲ್ಲಿ ನೂರಾರು ಕಾಸು ಕೂಡಿದವು. ಬಡಗಿಯಿಂದ ಮಾಡಿಸಿದ ಪೆಟ್ಟಿಗೆಯಲ್ಲಿ ಒಂದೊಂದು ಕಾಸಿಗೂ ಒಂದೊಂದು ಗೂಡು, ಕೆಳಗೆ ಮೇಷ್ಟ್ರ ಕೈಬರಹದ ಚೀಟಿ. ಒಂದು ಗೀರಿನಿಂದ ಏಳು ಗೀರಿನವರೆಗೆ ಇದ್ದವು. ಒಂಬತ್ತೂ ಇತ್ತು. ಎಂಟು ಮಾತ್ರ ಸಿಕ್ಕಿರಲಿಲ್ಲ. ಮೈಸೂರಿನ ವಿದ್ವಾಂಸರಿಗೆ ಬರೆದಾಗ ಅವರು ಬಹಳ ಆಸಕ್ತಿಯಿಂದ ಉತ್ತರಿಸಿದರು. ಎಂಟನೆಯ ವರ್ಷದ ಕಾಸು ಇಲ್ಲದೆ ಸಿದ್ಧಾಂತ ನಿಲ್ಲುವುದಿಲ್ಲ, ಅದು ಸಿಕ್ಕಿದರೆ ತಮ್ಮ ತ್ರೈಮಾಸಿಕದಲ್ಲಿ ಲೇಖನ ಅಚ್ಚು ಹಾಕಿಸುತ್ತೇನೆ ಎಂದಿದ್ದರು. ಆ ಕಾರ್ಡನ್ನು ಮೇಷ್ಟ್ರು ಎಷ್ಟು ಸಲ ಓದಿದರೆಂದರೆ ಅದರ ಮೂಲೆಗಳು ಹತ್ತಿಯಾಗಿಹೋದವು. ಒಂದು ಲೇಖನ ಅಚ್ಚಾದರೆ ಸಾಕು, ಹೆಡ್‌ಮಾಸ್ಟರಾದ ಆ ಇಬ್ಬರ ಬಾಯಿ ಮುಚ್ಚುತ್ತದೆ ಎಂಬುದೊಂದೇ ಅವರ ಧ್ಯಾನವಾಗಿತ್ತು.

ಎಂಟು ಗೀರಿನ ಸುದ್ದಿ ತಂದವನು ಸ್ಕೂಲಿನ ಅಟೆಂಡರ್ ಲಕ್ಕಯ್ಯ. "ನಮ್ಮವ್ವನತ್ರ ಒಂದೈತೆ ಸಾ. ಆದ್ರೆ ಅವ್ವ ಕೊಡಾಕಿಲ್ಲ," ಎಂದ. ಅವನ ತಾಯಿ ಹೊನ್ನಕ್ಕ ಹೊಳೆಯಾಚೆಯ ಕೇರಿಯಲ್ಲಿದ್ದ ಸೂಲಗಿತ್ತಿ. ಹೊಳೆನರಸೀಪುರದ ಅರ್ಧ ಊರು ಆಕೆಯ ಕೈಯಲ್ಲಿ ಹುಟ್ಟಿತ್ತು. ಮೇಷ್ಟ್ರು ಮರುದಿನವೇ ಲಕ್ಕಯ್ಯನ ಕೈಗೆ ಕೊಡೆ ಕೊಟ್ಟು ಅವನ ಜೊತೆ ಹೊರಟರು.

ಹೊನ್ನಕ್ಕ ಅಂಗಳದಲ್ಲಿ ಚಾಪೆ ಹಾಸಿದಳು. ಮೇಷ್ಟ್ರು ಕೂರಲಿಲ್ಲ. ಮಜ್ಜಿಗೆ ತಂದಳು. ಬೇಡ, ಈಗತಾನೇ ಕಾಫಿ ಆಯಿತು ಎಂದು ಸುಳ್ಳು ಹೇಳಿದರು. ಆಕೆ ಸೆರಗಿನ ಗಂಟು ಬಿಚ್ಚಿ ಕಾಸನ್ನು ಅಂಗೈ ಮೇಲಿಟ್ಟು ತೋರಿಸಿದಳು. ಎಂಟು ಗೀರು ಒಂದರ ಪಕ್ಕ ಒಂದು ಎಣಿಸುವ ಹಾಗೆ ಬಿದ್ದಿದ್ದವು. ಮೇಷ್ಟ್ರು ಬಾಗಿ ಎರಡು ಸಲ ಎಣಿಸಿದರು.

"ಈ ಗೀರು ಹೇಗೆ ಬಿತ್ತು ಗೊತ್ತೇನಮ್ಮ? ನಿಮ್ಮ ಹಿರಿಯರು ಕಚೇರಿಗೆ ಏನಾದರೂ ತಗೊಂಡು ಹೋಗಿದ್ದರು ಅಂತ ಹೇಳ್ತಿದ್ದರೇ?"

ಹೊನ್ನಕ್ಕ ನಕ್ಕಳು. "ಯಾವ ಕಚೇರಿ ಬುದ್ಧೀ? ಇದು ಕುಡ್ಲು ಗೀರು. ಮಗ ಉಟ್ಟಿದ್ ಕೂಡ್ಲೆ ವಕ್ಕಳಬಳ್ಳಿಯ ಕಾಸಿನ ಮ್ಯಾಲಿಕ್ಕಿ ಕುಯ್ತೀವಲ್ಲ, ಆಗ ಬಿದ್ದುದ್ದು. ಎಣ್ಣುಮಗಳು ಗಂಡನ ಮನೆಗೆ ಓಗುವಾಗ ತವರಿಂದ ಒಂದು ಕಾಸು ಕೊಟ್ಟು ಕಳುಸ್ತಾರೆ. ಮಗೀಗೊಂದು ಗೀರು. ನಂಗೆ ಎಂಟು. ಎಂಟೂ ಉಳ್ಕಂಡ್ವು ಕಣ ಬುದ್ಧೀ, ಈ ಸೀಮೇಲಿ ಯಾರ್ಗೂ ಅಂಗೆ ಉಳ್ದಿಲ್ಲ. ಬಸುರೀರು ಬಂದು ಈ ಕಾಸ್ನ ಕಣ್ಣಿಗೊತ್ಕಂಡು ಓಯ್ತಾರೆ. ಅಗಾ, ಐದನೇ ಗೀರು ಅಲ್ಲಿ ನಿಂತವ್ನೆ ನೋಡಿ."

ಐದನೆಯ ಗೀರು ಖಾಕಿ ಅಂಗಿ ತೊಟ್ಟು ಮೇಷ್ಟ್ರ ಕೊಡೆ ಹಿಡಿದು ನಿಂತಿತ್ತು.

ಬುದ್ಧಿಯಿದ್ದವನಾದರೆ ಅಲ್ಲೇ ಚಾಪೆಯ ಮೇಲೆ ಕುಳಿತು ಮಜ್ಜಿಗೆ ಕುಡಿದು ಇನ್ನಷ್ಟು ಕೇಳುತ್ತಿದ್ದ. ಯಾವ ಪುಸ್ತಕದಲ್ಲೂ ಇಲ್ಲದ ವಿಷಯ ತಾನಾಗಿ ಎದುರು ಬಂದು ನಿಂತಿತ್ತು. ವಿದ್ವಾಂಸರು ಹೇಳಿದ ಕ್ಷೇತ್ರವೇ ಅದು. ನೂರಾರು ಮನೆಗಳ ಹೆರಿಗೆಯ ಲೆಕ್ಕ ಮೇಷ್ಟ್ರ ಪೆಟ್ಟಿಗೆಯಲ್ಲೇ ಇತ್ತು. ಮೇಷ್ಟ್ರಿಗೆ ಕಂಡದ್ದು ಮಾತ್ರ ತಮ್ಮ ನಾಲ್ಕು ವರ್ಷ ನೀರಿನಲ್ಲಿ ಹೋಗುತ್ತಿರುವುದು. ಕಚೇರಿಯೂ ಇಲ್ಲ, ಊರ್ಜಿತವೂ ಇಲ್ಲ, ಬರೀ ಬಾಣಂತಿ ಕೋಣೆ! ಅವರು ಗಂಟಲು ಸರಿಮಾಡಿಕೊಂಡು, ಹಳೆ ತಾಮ್ರದ ಕಾಸನ್ನು ಸರ್ಕಾರ ರದ್ದು ಮಾಡಿದೆ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಅಪರಾಧ, ಅಮಲ್ದಾರರಿಗೆ ಗೊತ್ತಾದರೆ ಲಕ್ಕಯ್ಯನ ಕೆಲಸಕ್ಕೆ ಕುತ್ತು ಬರುತ್ತದೆ, ತಾವೇ ಅದನ್ನು ಕಚೇರಿಗೆ ಒಪ್ಪಿಸಿಬಿಡುತ್ತೇವೆ ಎಂದರು. ಇಷ್ಟನ್ನೂ ಆಕೆಯ ಮುಖ ನೋಡದೆ, ಹುಣಸೆಮರದ ಕಡೆ ನೋಡುತ್ತಾ ಹೇಳಿದರು.

ಹೊನ್ನಕ್ಕ ಮಗನ ಕಡೆ ನೋಡಿದಳು. ಲಕ್ಕಯ್ಯ ತಲೆ ತಗ್ಗಿಸಿದ. ಆಕೆ ಕಾಸನ್ನು ಒಂದು ಸಲ ಕಣ್ಣಿಗೆ ಒತ್ತಿಕೊಂಡು ಜಗಲಿಯ ಕಲ್ಲಿನ ಮೇಲಿಟ್ಟಳು.

"ಇವ್ನ ಕೆಲ್ಸ ಒಂದು ಉಳೀಲಿ ಬುದ್ಧೀ," ಎಂದಳು.

ಮೇಷ್ಟ್ರು ಕಾಸನ್ನು ಕರವಸ್ತ್ರದಲ್ಲಿ ಸುತ್ತಿಕೊಂಡರು. ಬದಲಿಗೆ ಒಂದು ಬಿಡಿಗಾಸೂ ಕೊಡಲಿಲ್ಲ, ಸರ್ಕಾರದ ಕೆಲಸವಲ್ಲವೇ! ಹೊಳೆ ದಾಟುವಷ್ಟರಲ್ಲಿ ಮನಸ್ಸಿನ ಕಸಿವಿಸಿಯನ್ನೂ ದಾಟಿಬಿಟ್ಟರು. ಓದು ಬರಹ ಇಲ್ಲದವಳ ಮಾತು ಆಧಾರವಾಗುವುದುಂಟೇ, ನಾಳೆ ಇವರು ಬೇಲೂರಿನ ಗುಡಿಯನ್ನೂ ಕುಡುಗೋಲಿನಲ್ಲಿ ಕೆತ್ತಿದ್ದು ಎನ್ನುತ್ತಾರೆ ಎಂದು ತಮಗೆ ತಾವೇ ಹೇಳಿಕೊಂಡು ಹಗುರಾದರು. ಲೇಖನಕ್ಕೆ ಒಂದು ಅಡಿಟಿಪ್ಪಣಿಯನ್ನೂ ಸೇರಿಸಿದರು. 'ಈ ಗೀರುಗಳ ಬಗ್ಗೆ ಗ್ರಾಮೀಣ ಸ್ತ್ರೀಯರಲ್ಲಿ ಕೆಲವು ಮೂಢ ಕಲ್ಪನೆಗಳಿದ್ದು, ಅವು ಪರಿಗಣನೆಗೆ ಯೋಗ್ಯವಲ್ಲ.' ಬರೆದು ಮುಗಿಸಿ ಆ ವಾಕ್ಯದ ಗತ್ತಿಗೆ ತಾವೇ ತಲೆದೂಗಿದರು.

ಅರವತ್ತೆರಡರ ಬೇಸಿಗೆಯಲ್ಲಿ ಹಾಸನದಲ್ಲಿ ಲೇಖನ ಓದಿದರು. ಸಭೆಯ ತುಂಬ ಪಂಚೆ, ಕೋಟು, ರುಮಾಲು. ಒಂದು ಸೀರೆಯಾದರೂ ಇದ್ದಿದ್ದರೆ ಮೊದಲ ಐದು ನಿಮಿಷದಲ್ಲೇ ಕಿಸಕ್ಕನೆ ನಗು ಕೇಳುತ್ತಿತ್ತು. ಗಂಡಸರು ಅರ್ಧ ಗಂಟೆ ಗಂಭೀರವಾಗಿ ಕೇಳಿದರು. ವಕೀಲರು ಹೊಟ್ಟೆಯುರಿಯಿಂದ ಚಪ್ಪಾಳೆ ತಟ್ಟಿದರು. ಕೆಂಪಣ್ಣ ತನ್ನ ಕೊಳಗದಲ್ಲೂ ಗೀರಿನ ಕಾಸು ಇವೆಯೋ ನೋಡಬೇಕೆಂದು ಎದ್ದೇಹೋದ. ಮೈಸೂರಿನ ವಿದ್ವಾಂಸರು ಮೇಷ್ಟ್ರ ಕೈ ಕುಲುಕಿ, ಬರುವ ಭಾನುವಾರ ಮಧ್ಯಾಹ್ನ ಹೊಳೆನರಸೀಪುರಕ್ಕೆ ಬರುತ್ತೇನೆ, ಎಂಟು ಗೀರಿನ ಕಾಸಿನ ಫೋಟೋ ತೆಗೆಸಿ ಲೇಖನದ ಜೊತೆ ಅಚ್ಚಿಗೆ ಕೊಡೋಣ ಎಂದರು.

ಆ ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಮೇಷ್ಟ್ರ ಮಗಳು ಕಮಲಾಕ್ಷಿಗೆ ನೋವು ಕಾಣಿಸಿಕೊಂಡಿತು. ಚನ್ನರಾಯಪಟ್ಟಣದ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದಿದ್ದವಳು. ದಿನ ತುಂಬಲು ಇನ್ನೂ ಎರಡು ವಾರ ಇತ್ತು. ಆಸ್ಪತ್ರೆಗೆ ಗಾಡಿ ಕಟ್ಟಿಸುವಷ್ಟು ಪುರಸೊತ್ತನ್ನೂ ನೋವು ಕೊಡಲಿಲ್ಲ. ಮೇಷ್ಟ್ರ ಹೆಂಡತಿ ಸುವರ್ಣಮ್ಮ ಯಾರನ್ನೂ ಕೇಳದೆ ಹೊನ್ನಕ್ಕನಿಗೆ ಹೇಳಿಕಳಿಸಿದರು. ನಡುಮನೆಗೆ ಎಂದೂ ಕಾಲಿಡಗೊಡದಿದ್ದ ಹೊನ್ನಕ್ಕನನ್ನು ಆವತ್ತು ಒಳಕೋಣೆಯವರೆಗೆ ಕೈಹಿಡಿದು ಕರೆದೊಯ್ದರು. ಇಂಥ ದಿನದಲ್ಲಿ ಎಲ್ಲರ ಮಡಿಯೂ ಹೀಗೇ ಸಡಿಲಾಗುತ್ತದೆ. ಮೇಷ್ಟ್ರು ಪಡಸಾಲೆಯಲ್ಲಿ ಇಸ್ತ್ರಿ ಮಾಡಿದ ಕೋಟನ್ನು ಮೊಳೆಗೆ ತಗುಲಿಹಾಕಿ, ಮೈಸೂರಿನವರ ಬಸ್ಸಿಗೆ ಇನ್ನೆಷ್ಟು ಹೊತ್ತಿದೆ ಎಂದು ಗಡಿಯಾರ ನೋಡುತ್ತಿದ್ದರು.

ಒಂಬತ್ತೂವರೆಗೆ ಒಳಗಿನಿಂದ ಹೊನ್ನಕ್ಕನ ದನಿ ಕೇಳಿಸಿತು. "ತಲೆ ಕಾಣ್ತಾ ಐತೆ. ಕಾಸೆಲ್ಲಿ ಅಮ್ಮಾರೇ?"

ಸುವರ್ಣಮ್ಮ ಬಾಗಿಲ ಸಂದಿಯಿಂದ ಮುಖ ಹೊರಹಾಕಿದರು. "ಕಮಲಿಯದು ಗಂಡನ ಮನೇಲೇ ಉಳಿದಿದೆ. ಒಂದು ತಾಮ್ರದ ಕಾಸು ಬೇಕಂತೆ. ನಿಮ್ಮ ಪೆಟ್ಟಿಗೆ ಬೀಗದ ಕೈ ಕೊಡಿ."

ಮೇಷ್ಟ್ರು ಗಡಬಡಿಸಿ ಜೇಬಿನಿಂದ ಹತ್ತು ನಯಾಪೈಸೆ ತೆಗೆದು ಚಾಚಿದರು. ಒಳಗೆ ಹೋದದ್ದು ಕ್ಷಣದಲ್ಲಿ ಹೊರಗೆ ಬಂದು ಪಡಸಾಲೆಯ ನೆಲದ ಮೇಲೆ ಉರುಳಿತು. "ಈ ಬಿಸ್ಕತ್ತು ಯಾರ್ಗೆ ಬೇಕು, ತಾಮ್ರ ತನ್ನಿ," ಎಂದಿತು ಹೊನ್ನಕ್ಕನ ದನಿ. ಸುವರ್ಣಮ್ಮ ಮತ್ತೆ ಕೇಳುವ ಗೋಜಿಗೆ ಹೋಗಲಿಲ್ಲ. ಮೊಳೆಗೆ ತೂಗುತ್ತಿದ್ದ ಕೋಟಿನ ಜೇಬಿಗೆ ಕೈ ಹಾಕಿ, ಬೀಗದ ಕೈ ತೆಗೆದು, ಪೆಟ್ಟಿಗೆ ತೆರೆದು, ಮೇಲಿನ ತಟ್ಟೆಯನ್ನು ಚೀಟಿಗಳ ಸಮೇತ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹೆರಿಗೆ ಕೋಣೆಗೆ ಗಂಡಸು ಕಾಲಿಡುವ ಹಾಗಿಲ್ಲ. ಮೇಷ್ಟ್ರು ಬಾಗಿಲಿಗೆ ಕಿವಿ ಹಚ್ಚಿ ನಿಂತರು.

"ಅಯ್ಯೋ, ನಂದೇ ಇಲ್ಲೈತೆ!" ಎಂದು ಹೊನ್ನಕ್ಕ ಕೂಗಿದ್ದು ಕೇಳಿಸಿತು. ಆಮೇಲೆ ತಗ್ಗಿದ ದನಿ. "ಅಮಲ್ದಾರ್ರಿಗೆ ಕೊಡ್ತೀನಿ ಅಂತ ಇಸ್ಕಂಡು ಬಂದ್ರು ಮೇಷ್ಟ್ರು... ಓಗ್ಲಿ ಬುಡಿ. ಎಂಟು ಉಳ್ಸೈತೆ. ಇದುನ್ನೂ ಉಳುಸ್ತದೆ. ಇದ್ನೇ ಇಕ್ಕಿ ಇಲ್ಲಿ."

"ಅದು ಬೇಡ!" ಮೇಷ್ಟ್ರು ಬಾಗಿಲು ಬಡಿದರು. "ಲೇ, ಕೇಳ್ತೇನೇ? ಎಂಟರದು ಬೇಡ! ಮೂರರದು ತಗೊಳ್ಳಿ, ಐದರದು ತಗೊಳ್ಳಿ, ಬೇಕಾದಷ್ಟಿವೆ!"

ಒಳಗೆ ಕಮಲಾಕ್ಷಿ ಕಿರುಚಿದಳು. ಆ ಕಿರುಚಾಟ ನಿಂತ ಕೂಡಲೇ ಮಗು ಅತ್ತಿತು. ಗಟ್ಟಿ ದನಿಯ, ಬೀದಿಗೆ ಕೇಳುವಂಥ ಅಳು. ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಅಜ್ಜನಾದ ಷಡಕ್ಷರಿ ಮೇಷ್ಟ್ರು ಬಾಗಿಲ ಸಂದಿಗೆ ಬಾಯಿಟ್ಟು ಕೇಳಿದ್ದು ಒಂದೇ ಮಾತು.

"ಎಂಟರ ಮೇಲೆ ಬಿತ್ತೇನೇ?"

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಸುವರ್ಣಮ್ಮ ತಟ್ಟೆಯನ್ನು ಹೊಸ್ತಿಲಿನಾಚೆ ನೆಲಕ್ಕಿಟ್ಟರು. ಎಂಟರ ಗೂಡು ಖಾಲಿ ಇತ್ತು.

"ಬಿತ್ತು. ಹೆಣ್ಣು ಮಗು. ಕಮಲಿ ಚೆನ್ನಾಗಿದ್ದಾಳೆ, ನೀವು ಕೇಳದೆ ಇದ್ದರೂ ಹೇಳ್ತಿದ್ದೀನಿ. ಹೊನ್ನಕ್ಕನ ಕಾಸು ಹೊನ್ನಕ್ಕನ ಸೆರಗಲ್ಲಿದೆ. ಬೇಕಾದರೆ ಅಮಲ್ದಾರರನ್ನ ಕರಕೊಂಡು ಬನ್ನಿ."

ಆಕೆಯ ಮುಷ್ಟಿಯಲ್ಲಿ ಇನ್ನೊಂದು ಕಾಸಿತ್ತು. ಜೊತೆಗೆ ಅದರ ಚೀಟಿಯೂ ಇತ್ತು. ಈ ಕಾಸಿನ ವಿಷಯ ಇಷ್ಟು ಹೊತ್ತು ಹೇಳದೆ ಇದ್ದದ್ದಕ್ಕೆ ಕಾರಣ, ಮೇಷ್ಟ್ರು ಸ್ವತಃ ಅದನ್ನು ಮರೆತಿದ್ದರು. ಸಂಗ್ರಹ ಶುರುವಾದ ಮೊದಲ ತಿಂಗಳು ಹೆಂಡತಿಯ ತವರಿನ ಟ್ರಂಕಿನ ತಳದಲ್ಲಿ ಸಿಕ್ಕಿದ್ದನ್ನು ಹೇಳದೆ ಎತ್ತಿಕೊಂಡಿದ್ದರು. ಆಮೇಲೆ ಅಂಥವು ಬೇಕಾದಷ್ಟು ಬಂದವು. ಸುವರ್ಣಮ್ಮ ಚೀಟಿಯನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದರು.

"ಸಂಖ್ಯೆ ಮೂವತ್ತೇಳು. ಎರಡು ಗೀರು. ಎರಡನೆಯದು ಅಸ್ಪಷ್ಟ. ಸಾಧಾರಣ ಪ್ರತಿ."

ಓದಿ ಮುಗಿಸಿ ಗಂಡನ ಮುಖ ನೋಡಿದರು.

"ಮೊದಲನೇದು ಕಮಲಿ. ಎರಡನೇದು ಏಳು ತಿಂಗಳಿಗೇ ಹುಟ್ಟಿದ್ದು. ಬೆರಳಷ್ಟು ಕೂಸು. ನೋವಾದೀತು ಅಂತ ನಮ್ಮಮ್ಮ ಕುಡುಗೋಲನ್ನ ಮೆಲ್ಲಗೆ ಇಟ್ಟರು. ಅದಕ್ಕೇ ಗೀರು ಸರಿಯಾಗಿ ಬೀಳಲಿಲ್ಲ. ಒಂಬತ್ತು ದಿನ ಇತ್ತು. ಹೆಸರು ಇಡೋಷ್ಟು ದಿನ ಇರಲಿಲ್ಲ, ನೀವು ಎಲ್ಲೂ ಬರೆಸಲೂ ಇಲ್ಲ. ಅದು ಹುಟ್ಟಿತ್ತು ಅನ್ನೋದಕ್ಕೆ ಇರೋದು ಇದೊಂದೇ. ನಾಲ್ಕು ವರ್ಷ ಮನೆಯೆಲ್ಲ ಹುಡುಕಿದೆ. ಮೊದಮೊದಲು ನೀವೂ ಲಾಟೀನು ಹಿಡಿದು ಜೊತೆಗೆ ಹುಡುಕಿದ್ರಿ."

ಹಾಸನದ ಸಭೆಯಲ್ಲಿ ಅರ್ಧ ಗಂಟೆ ತಡವರಿಸದೆ ಮಾತಾಡಿದ ಬಾಯಿಂದ ಹೊರಬಿದ್ದದ್ದು ಒಂದೇ ಮಾತು.

"ಅಸ್ಪಷ್ಟ ಅಂತ ಬರೆದದ್ದು ಗೀರಿಗೆ ಕಣೇ, ಬೇರೆ ಯಾತಕ್ಕೂ ಅಲ್ಲ."

ಸುವರ್ಣಮ್ಮ ಚೀಟಿಯನ್ನು ಗಂಡನ ಕೈಗಿಟ್ಟು ಕಾಸನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಬಚ್ಚಲ ಒಲೆಯ ಮೇಲೆ ಹಂಡೆಯ ನೀರು ಕುದಿಯುತ್ತಿತ್ತು. ಗಂಡ ಇನ್ನೂ ಹೊಸ್ತಿಲಿಗೆ ಅಡ್ಡಲಾಗಿಯೇ ನಿಂತಿದ್ದರು.

"ದಾರಿ ಬಿಡಿ," ಎಂದರು ಸುವರ್ಣಮ್ಮ. "ಕೂಸಿಗೆ ನೀರು ಹಾಕಬೇಕು."